70.3 ಕಿಲೋದ ಲೆಕ್ಕ: ಯುಎಫ್‌ಸಿ ಲೈಟ್‌ವೇಟ್ ಫೈಟರ್‌ಗಳ ಗಳಿಕೆಯನ್ನು ಓದುವ ಬಗೆ

ಕಲಬುರಗಿಯ ನಮ್ಮ ಓದಿನ ಗುಂಪಿನಲ್ಲಿ ಕ್ರೀಡಾ ಅರ್ಥಶಾಸ್ತ್ರದ ಪಾಠ ನಡೆಯುತ್ತಿದ್ದಾಗ, ಎಂಎಂಎ, ಅಂದರೆ ಕುಸ್ತಿ, ಬಾಕ್ಸಿಂಗ್ ಮೊದಲಾದವುಗಳೆಲ್ಲ ಬೆರೆತ ಕಾಳಗದ ಫೈಟರ್ ಒಬ್ಬನಿಗೆ ಒಂದು ಪಂದ್ಯಕ್ಕೆ ಎಷ್ಟು ಹಣ ಸಿಗುತ್ತದೆ ಎಂಬ ಪ್ರಶ್ನೆ ಬಂದಿತು. ಒಬ್ಬರು ಇಪ್ಪತ್ತು ಕೋಟಿಗೂ ಮಿಗಿಲು ಎಂದರು, ಮತ್ತೊಬ್ಬರು ಹತ್ತು ಲಕ್ಷ ಎಂದರು. ಇಬ್ಬರೂ ಇಂತಹ ಪಂದ್ಯಗಳನ್ನು ನಡೆಸುವ ಅಮೆರಿಕದ ಯುಎಫ್‌ಸಿ ಎಂಬ ಒಂದೇ ಸಂಸ್ಥೆಯ, ಲೈಟ್‌ವೇಟ್ ಎಂಬ ಒಂದೇ ತೂಕದ ವರ್ಗದ ಬಗ್ಗೆ ಮಾತನಾಡುತ್ತಿದ್ದರು, ಮತ್ತು ಇಬ್ಬರ ಮಾತೂ ಸರಿಯಾಗಿತ್ತು. ಇದು ಹೇಗೆ ಸಾಧ್ಯ ಎಂಬುದನ್ನು ಅರಿತರೆ ಈ ಪಾಠದ ಮುಕ್ಕಾಲು ಪಾಲು ತಿಳಿದಂತೆ ಎಂದು ನನಗೆ ಅನ್ನಿಸಿದ್ದರಿಂದ, ಜೊತೆಗೆ ಓದುತ್ತಿರುವವರಿಗಾಗಿ ಈ ಟಿಪ್ಪಣಿಯನ್ನು ಬರೆದಿದ್ದೇನೆ.

ಮೊದಲು ವರ್ಗವನ್ನು ಗೊತ್ತುಮಾಡಿಕೊಳ್ಳಬೇಕು. ಯುಎಫ್‌ಸಿಯಲ್ಲಿ ಲೈಟ್‌ವೇಟ್ ಎಂದರೆ 155 ಪೌಂಡ್, ಅಂದರೆ 70.3 ಕಿಲೋ ಮೇಲ್ಮಿತಿಯ ವರ್ಗ. ಪ್ರಶಸ್ತಿಯ ಪಂದ್ಯವಲ್ಲದಿದ್ದರೆ ಒಂದು ಪೌಂಡಿನ ರಿಯಾಯಿತಿ ಇರುತ್ತದೆ. ಪ್ರಶಸ್ತಿಯ ಪಂದ್ಯಕ್ಕೆ ಅದೂ ಇರುವುದಿಲ್ಲ. ಖಬೀಬ್ ನುರ್ಮಗೊಮೆಡೊವ್, ಕಾನರ್ ಮೆಕ್‌ಗ್ರೆಗರ್, ಚಾರ್ಲ್ಸ್ ಒಲಿವೇರಾ, ಇಸ್ಲಾಂ ಮಖಚೆವ್ ಇವರೆಲ್ಲರೂ ಈ ವರ್ಗದ ಚಾಂಪಿಯನ್ನರಾಗಿದ್ದವರು. ಭಾರತದ ಅಂಶುಲ್ ಜುಬ್ಲಿ 2023ರಲ್ಲಿ ‘ರೋಡ್ ಟು ಯುಎಫ್‌ಸಿ’ ಪಂದ್ಯಾವಳಿಯನ್ನು ಗೆದ್ದು ಒಪ್ಪಂದ ಪಡೆದದ್ದೂ ಇದೇ ವರ್ಗದಲ್ಲಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಏಷ್ಯಾದ ಒನ್ ಚಾಂಪಿಯನ್‌ಶಿಪ್ ಸಂಸ್ಥೆಯಲ್ಲಿ ಇದೇ ಹೆಸರಿನ ವರ್ಗದ ಮೇಲ್ಮಿತಿ 77.1 ಕಿಲೋ. ಹೆಸರು ಒಂದೇ ಎಂದು ಎರಡೂ ಸಂಸ್ಥೆಗಳ ಮೊತ್ತಗಳನ್ನು ಒಂದೇ ಕೋಷ್ಟಕಕ್ಕೆ ಹಾಕಿದರೆ ಲೆಕ್ಕ ಮೊದಲ ಸಾಲಿನಲ್ಲಿಯೇ ತಪ್ಪುತ್ತದೆ.

ತೆಂಗಿನಕಾಯಿಯಿಂದ ಬೆಳ್ಳಿ ಕಡಗದವರೆಗೆ

ಈ ಗಳಿಕೆಯ ಒಳರಚನೆ ನಮ್ಮ ಭಾಗದವರಿಗೆ ಹೊಸದಲ್ಲ. ಆಳಂದ ತಾಲ್ಲೂಕಿನ ಒಂದು ಊರಿನ ಜಾತ್ರೆಯಲ್ಲಿ ಜಂಗಿ ಕುಸ್ತಿ ನೋಡಲು ಚಿಕ್ಕಂದಿನಲ್ಲಿ ಹೋಗಿದ್ದೆ. ಮಧ್ಯಾಹ್ನ ಹಲಗೆಯ ಸದ್ದಿಗೆ ಶುರುವಾಗುವುದು ಹುಡುಗರ ಕಾಯಿ ಕುಸ್ತಿ. ಗೆದ್ದವನ ಕೈಗೆ ಒಂದು ತೆಂಗಿನಕಾಯಿ ಬರುತ್ತದೆ. ಹೊತ್ತು ಇಳಿದಂತೆ ನೂರು, ಐನೂರು, ಸಾವಿರ ರೂಪಾಯಿಯ ಜೋಡಿಗಳು ಬರುತ್ತವೆ. ಬೆಳಕು ಆರುವ ಮುನ್ನ ಕೊನೆಯ ಜೋಡಿ ಇಳಿಯುತ್ತದೆ, ಮತ್ತು ಅದರಲ್ಲಿ ಗೆದ್ದವನ ತೋಳಿಗೆ ಬೆಳ್ಳಿಯ ಕಡಗ ಏರುತ್ತದೆ. ಬೆನ್ನಿಗೆ ಮೆತ್ತಿದ ಮಣ್ಣನ್ನೂ ಒರೆಸಿಕೊಳ್ಳದೆ ಅವನು ಜನರ ಮುಂದೆ ಒಂದು ಸುತ್ತು ಬರುತ್ತಾನೆ. ಮೆಚ್ಚಿದವರು ಹತ್ತು, ಐವತ್ತರ ನೋಟುಗಳನ್ನು ಅವನ ಕೈಗೆ ತುರುಕುತ್ತಾರೆ. ಎಲ್ಲರೂ ಹಿಡಿದದ್ದು ಅದೇ ಪಟ್ಟು, ಬಿದ್ದದ್ದು ಅದೇ ಮಣ್ಣಿಗೆ. ಆದರೆ ಯಾವ ಹೊತ್ತಿಗೆ ಇಳಿದರು ಎಂಬುದರ ಮೇಲೆ ಅವರ ಗಳಿಕೆ ನಿಂತಿತ್ತು. ಯುಎಫ್‌ಸಿಯ ರಾತ್ರಿಯೂ ಇದೇ ಕ್ರಮದಲ್ಲಿ ಸಾಗುತ್ತದೆ: ಆರಂಭದ ಪಂದ್ಯಗಳು, ಮುಖ್ಯ ಪಂದ್ಯಗಳು, ಕೊನೆಗೆ ಪ್ರಶಸ್ತಿಯ ಪಂದ್ಯ. 2023ರ ಅಕ್ಟೋಬರ್‌ನಲ್ಲಿ ಅಬುಧಾಬಿಯ ಯುಎಫ್‌ಸಿ 294ರಲ್ಲಿ ಜುಬ್ಲಿ ಆರಂಭದ ಭಾಗದಲ್ಲಿ ಮೈಕ್ ಬ್ರೀಡನ್ ಎದುರು ಸೋತ ರಾತ್ರಿಯೇ, ಕೊನೆಯ ಪಂದ್ಯದಲ್ಲಿ ಮಖಚೆವ್ ತನ್ನ ಪಟ್ಟವನ್ನು ಉಳಿಸಿಕೊಂಡ. ರಾತ್ರಿ ಒಂದೇ, ತೂಕ ಒಂದೇ. ಇಬ್ಬರೂ ನಿಂತ ಮೆಟ್ಟಿಲುಗಳು ಮಾತ್ರ ಬೇರೆ.

ಕೆಳ ಮೆಟ್ಟಿಲಿನ ಲೆಕ್ಕ

ಹೊಸಬರ ಒಪ್ಪಂದವನ್ನು ಸಾಮಾನ್ಯವಾಗಿ ‘12 ಮತ್ತು 12’ ಎಂದು ಹೇಳುತ್ತಾರೆ. ಪಂದ್ಯಕ್ಕೆ ಇಳಿದದ್ದಕ್ಕೆ 12,000 ಡಾಲರ್, ಗೆದ್ದರೆ ಇನ್ನೂ 12,000 ಡಾಲರ್ ಎಂದು ಇದರ ಅರ್ಥ. ಮೊದಲನೆಯದನ್ನು ಹಾಜರಿ ಹಣವೆಂದೂ ಎರಡನೆಯದನ್ನು ಗೆಲುವಿನ ಹಣವೆಂದೂ ಕರೆಯೋಣ. ಗೆಲ್ಲುತ್ತಾ ಹೋದಂತೆ ಎರಡೂ ಏರುತ್ತವೆ. ಇದರಲ್ಲಿ ನನ್ನನ್ನು ಅತಿಯಾಗಿ ಕಾಡುವ ಸಂಗತಿಯೆಂದರೆ, ಪಂದ್ಯ ತೀರ್ಪುಗಾರರ ಕೈಗೆ ಹೋದಾಗ ಫೈಟರ್‌ನ ಅರ್ಧದಷ್ಟು ಹಣ ಒಬ್ಬರ ಅಂಕಪಟ್ಟಿಯ ಮೇಲೆ ನಿಲ್ಲಬಹುದು ಎಂಬುದು. 2024ರ ಜೂನ್‌ನಲ್ಲಿ ಲೂಯಿವಿಲ್‌ನಲ್ಲಿ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯರಾದಾಗ ಮೂವರು ತೀರ್ಪುಗಾರರಲ್ಲಿ ಇಬ್ಬರು ಅವರ ಪರವಾಗಿದ್ದರು, ಒಬ್ಬರು ಎದುರಾಳಿಯ ಪರವಾಗಿದ್ದರು. ಅವರ ತೂಕದ ವರ್ಗ ಬೇರೆ, ಆದರೆ ನಿಯಮ ಒಂದೇ: ಇಂತಹ ಪಂದ್ಯದಲ್ಲಿ ಇನ್ನೊಬ್ಬ ತೀರ್ಪುಗಾರರು ಅತ್ತ ವಾಲಿದರೆ ಹದಿನೈದು ನಿಮಿಷದ ಅದೇ ದುಡಿಮೆಗೆ ಅರ್ಧ ಹಣ ಮಾತ್ರ ಸಿಗುತ್ತದೆ.

ಇದಲ್ಲದೆ, ಸಂಸ್ಥೆ ಗೊತ್ತುಮಾಡಿದ ಬಟ್ಟೆಯನ್ನು ತೊಟ್ಟು ಪ್ರಚಾರದ ನಿಯಮಗಳನ್ನು ಪಾಲಿಸಿದ್ದಕ್ಕೆ ಕೊಡುವ ಹಣವೊಂದಿದೆ. 2021ರಲ್ಲಿ ವೆನಂ ಕಂಪನಿಯ ಬಟ್ಟೆ ಬಂದಾಗಿನ ದರದಂತೆ ಮೊದಲ ಮೂರು ಪಂದ್ಯಗಳಿಗೆ ತಲಾ 4,000 ಡಾಲರ್, 21 ಅಥವಾ ಅದಕ್ಕೂ ಹೆಚ್ಚು ಪಂದ್ಯ ಆಡಿದವರಿಗೆ 21,000, ಪ್ರಶಸ್ತಿಗೆ ಸವಾಲು ಹಾಕುವವರಿಗೆ 32,000, ಚಾಂಪಿಯನ್ನರಿಗೆ 42,000 ಡಾಲರ್. 2015ಕ್ಕೆ ಮೊದಲು ಫೈಟರ್‌ಗಳು ತಮ್ಮ ಚಡ್ಡಿಯ ಮೇಲೆ ತಾವೇ ತಂದ ಪ್ರಾಯೋಜಕರ ಹೆಸರು ಹಾಕಿಕೊಂಡು, ಪಂದ್ಯ ನಡೆಯುವ ಪಂಜರಕ್ಕೆ ಇಳಿಯಬಹುದಿತ್ತು. ಸಂಸ್ಥೆ ಒಂದೇ ಕಂಪನಿಯ ಬಟ್ಟೆಯನ್ನು ಕಡ್ಡಾಯ ಮಾಡಿದ ಮೇಲೆ ಆ ದಾರಿ ಮುಚ್ಚಿತು.

ಈಗ ಒಬ್ಬ ಕಲ್ಪಿತ ಹೊಸಬನನ್ನು ತೆಗೆದುಕೊಳ್ಳೋಣ. ಅವನು ವರ್ಷಕ್ಕೆ ಮೂರು ಪಂದ್ಯ ಆಡಿ ಎರಡು ಗೆದ್ದು ಒಂದು ಸೋತ. ದರ ಏರಲಿಲ್ಲ ಎಂದುಕೊಳ್ಳಿ. ಹಾಜರಿ ಹಣ 36,000, ಗೆಲುವಿನ ಹಣ 24,000, ಬಟ್ಟೆಯ ಹಣ 12,000; ಒಟ್ಟು 72,000 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ ಇದು 61 ಲಕ್ಷ ರೂಪಾಯಿ ದಾಟುತ್ತದೆ. ನಮ್ಮ ಗುಂಪಿನಲ್ಲಿ ಬಹುತೇಕರು ಇಲ್ಲಿಗೇ ಪೆನ್ನು ಕೆಳಗಿಟ್ಟರು.

ತೊಗರಿ ಮಾರಿದ ಮನೆಯವರು ಹಾಗೆ ಪೆನ್ನು ಕೆಳಗಿಡುವುದಿಲ್ಲ. ಗಂಜಿನಲ್ಲಿ ಕ್ವಿಂಟಲ್‌ಗೆ ಕೂಗಿದ ದರ ಒಂದು, ಅಡತಿ ಅಂಗಡಿಯ ಮುನೀಮರು ಬರೆದುಕೊಡುವ ಪಟ್ಟಿಯ ಕೊನೆಯ ಸಾಲು ಮತ್ತೊಂದು. ನಡುವೆ ಹಮಾಲಿ, ತೂಕದ ಖರ್ಚು, ಗಾಡಿ ಬಾಡಿಗೆ, ಬಿತ್ತನೆಯ ಹೊತ್ತಿಗೆ ತಂದ ಮುಂಗಡ, ಹೀಗೆ ಸಣ್ಣ ಅಕ್ಷರದಲ್ಲಿ ಒಂದರ ಕೆಳಗೊಂದು ಇಳಿಯುತ್ತವೆ. ನಮ್ಮ ತಂದೆಯವರು ಮನೆಗೆ ಬಂದ ಮೇಲೆ ಆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. ಫೈಟರ್‌ನ ಗಳಿಕೆಯನ್ನೂ ಹಾಗೆಯೇ ಓದಬೇಕು.

ನಮ್ಮ ಕಲ್ಪಿತ ಫೈಟರ್ ಭಾರತದವನು, ಪಂದ್ಯಗಳು ಅಮೆರಿಕದಲ್ಲಿ ನಡೆದವು ಎನ್ನೋಣ. ಅಲ್ಲಿನ ನಿವಾಸಿಗಳಲ್ಲದ ಕ್ರೀಡಾಪಟುಗಳ ಹಣದಿಂದ ಸಾಮಾನ್ಯವಾಗಿ ಶೇ 30ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಹಿಡಿದುಕೊಳ್ಳುತ್ತಾರೆ. ಇಲ್ಲಿ ಅದು 21,600 ಡಾಲರ್. ರಿಟರ್ನ್ ಸಲ್ಲಿಸಿ ಖರ್ಚು ತೋರಿಸಿದರೆ ಒಂದು ಭಾಗ ಮರಳಬಹುದು, ಆದರೆ ಅಷ್ಟು ದಿನ ಕಾಯಬೇಕು. ಮ್ಯಾನೇಜರ್ ಮತ್ತು ತರಬೇತಿ ಕೇಂದ್ರ ಸೇರಿ ಪಂದ್ಯದ ಹಣದ ಶೇ 20ರಷ್ಟು ಪಡೆದರೆ 12,000 ಡಾಲರ್ ಹೋಯಿತು. ಪ್ರತಿ ಪಂದ್ಯಕ್ಕೂ ಎಂಟು ಹತ್ತು ವಾರಗಳ ಸಿದ್ಧತೆ ಇರುತ್ತದೆ: ಕುಸ್ತಿಗೆ ಒಬ್ಬ ತರಬೇತುದಾರ, ಬಾಕ್ಸಿಂಗ್‌ಗೆ ಒಬ್ಬ, ಜೊತೆಗೆ ಆಡುವವರು, ಆಹಾರ, ಫಿಸಿಯೋ. ಇದಕ್ಕೆ ತಲಾ 5,000 ಡಾಲರ್ ಎಂದು ಕೈಬಿಗಿ ಹಿಡಿದು ಲೆಕ್ಕ ಹಾಕಿದರೂ 15,000 ಆಗುತ್ತದೆ. ಉಳಿದದ್ದು 23,400 ಡಾಲರ್, ಅಂದರೆ 19 ಲಕ್ಷ 89 ಸಾವಿರ ರೂಪಾಯಿ. ಹೆಚ್ಚುಕಡಿಮೆ ಮೂರನೆಯ ಒಂದು ಪಾಲು. ಕಮಿಷನ್ ಮತ್ತು ಸಿದ್ಧತೆಯ ಮೊತ್ತಗಳು ನಾನು ಅಭ್ಯಾಸಕ್ಕಾಗಿ ಇಟ್ಟುಕೊಂಡವು. ನೀವು ಬೇರೆ ಮೊತ್ತ ಹಾಕಿ ನೋಡಿ, ಆದರೆ ಸಾಲುಗಳನ್ನು ಬಿಡಬೇಡಿ.

ಈ ಲೆಕ್ಕ ಮೂರು ಪಂದ್ಯ ಸಿಕ್ಕ ವರ್ಷದ್ದು ಎಂಬುದನ್ನೂ ಮರೆಯಬಾರದು. ಫೈಟರ್‌ಗಳು ಸಂಬಳದ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ನಾಕೌಟ್ ಆದವನನ್ನು ವೈದ್ಯಕೀಯ ಕಾರಣಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಪಂದ್ಯದಿಂದ ದೂರವಿಡುತ್ತಾರೆ. ಮೊಣಕಾಲಿನ ಸ್ನಾಯು ಹರಿದರೆ ಆ ವರ್ಷದ ಹಾಜರಿ ಹಣ ಸೊನ್ನೆಯಾಗಬಹುದು. ತರಬೇತಿಯ ಗಾಯಗಳಿಗೆ 2011ರಿಂದ ಸಂಸ್ಥೆಯ ವಿಮೆ ಇದೆ; ಅದು ಆಸ್ಪತ್ರೆಯ ಬಿಲ್ಲಿಗೆ ಒದಗುತ್ತದೆ, ಮನೆಯ ಬಾಡಿಗೆಗಲ್ಲ.

ಮೇಲಿನ ಮೆಟ್ಟಿಲು

2018ರ ಅಕ್ಟೋಬರ್ 6ರಂದು ಲಾಸ್ ವೇಗಸ್‌ನಲ್ಲಿ ನಡೆದ ಯುಎಫ್‌ಸಿ 229ರಲ್ಲಿ ಖಬೀಬ್ ಮೆಕ್‌ಗ್ರೆಗರ್‌ನನ್ನು ಸೋಲಿಸಿದ್ದು ಈ ವರ್ಗದ ಅತಿ ಹೆಸರಾದ ಪಂದ್ಯ. ಆ ರಾಜ್ಯದ ಪಂದ್ಯಗಳ ಉಸ್ತುವಾರಿ ನೋಡುವ ನೆವಾಡಾ ಅಥ್ಲೆಟಿಕ್ ಆಯೋಗ ಬಹಿರಂಗಪಡಿಸಿದಂತೆ ಮೆಕ್‌ಗ್ರೆಗರ್‌ಗೆ 30 ಲಕ್ಷ ಡಾಲರ್, ಖಬೀಬ್‌ಗೆ 20 ಲಕ್ಷ ಡಾಲರ್ ಗೊತ್ತಾಗಿತ್ತು. ಸೋತವನಿಗೆ ಗೆದ್ದವನಿಗಿಂತ ಹೆಚ್ಚು ಸಿಕ್ಕಿತು, ಏಕೆಂದರೆ ಈ ಎತ್ತರದಲ್ಲಿ ಮೊತ್ತವನ್ನು ಗೊತ್ತುಮಾಡುವುದು ಟಿಕೆಟ್ ಮತ್ತು ಪ್ರಸಾರವನ್ನು ಮಾರುವ ಹೆಸರಿನ ಬಲ. ಆ ಪಂದ್ಯದ ನೇರಪ್ರಸಾರವನ್ನು ಹಣ ಕೊಟ್ಟು ಕೊಂಡವರ ಸಂಖ್ಯೆ ಸುಮಾರು 24 ಲಕ್ಷ. ದೊಡ್ಡ ಹೆಸರುಗಳಿಗೆ ಈ ಮಾರಾಟದಲ್ಲಿ ಪಾಲಿರುತ್ತಿತ್ತು, ಮತ್ತು ಅದು ಆಯೋಗದ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ. ಆದ್ದರಿಂದ ಬಹಿರಂಗ ಮೊತ್ತವು ಕೆಳಗಿನವರ ವಿಷಯದಲ್ಲಿ ಕೈಗೆ ಬಂದದ್ದಕ್ಕಿಂತ ಹೆಚ್ಚು ತೋರುತ್ತದೆ, ಮೇಲಿನವರ ವಿಷಯದಲ್ಲಿ ಕಡಿಮೆ ತೋರುತ್ತದೆ. ಎಲ್ಲ ಕಡೆಯ ಆಯೋಗಗಳೂ ಮೊತ್ತವನ್ನು ಬಹಿರಂಗ ಮಾಡುವುದಿಲ್ಲ ಎಂಬುದನ್ನೂ ಇದರೊಂದಿಗೆ ಬರೆದಿಟ್ಟುಕೊಳ್ಳಿ.

ಮೇಲಿನವರಿಗೂ ಕಡಿತ ತಪ್ಪಿದ್ದಲ್ಲ. ಆ ಪಂದ್ಯದ ನಂತರದ ಗಲಾಟೆಗಾಗಿ ಆಯೋಗ ಖಬೀಬ್‌ಗೆ 5 ಲಕ್ಷ ಡಾಲರ್, ಮೆಕ್‌ಗ್ರೆಗರ್‌ಗೆ 50,000 ಡಾಲರ್ ದಂಡ ಹಾಕಿತು. ಇದಕ್ಕಿಂತ ನೋವಿನ ಉದಾಹರಣೆ ಒಲಿವೇರಾನದು. 2022ರ ಮೇ ತಿಂಗಳಿನಲ್ಲಿ ಫೀನಿಕ್ಸ್‌ನಲ್ಲಿ ಜಸ್ಟಿನ್ ಗೇಚಿ ಎದುರು ಪಟ್ಟ ಉಳಿಸಿಕೊಳ್ಳಬೇಕಿದ್ದ ಅವನು ತಕ್ಕಡಿಯ ಮೇಲೆ 155.5 ಪೌಂಡ್ ತೂಗಿದ. ಹೆಚ್ಚಾದದ್ದು ಅರ್ಧ ಪೌಂಡ್, ನಮ್ಮ ಕಿರಾಣಿ ಅಂಗಡಿಯ ಪಾವಕಿಲೋಗಿಂತಲೂ ಕಡಿಮೆ. ಮರುದಿನ ಮೊದಲ ಸುತ್ತಿನಲ್ಲಿಯೇ ಗೇಚಿಯ ಕುತ್ತಿಗೆಗೆ ಪಟ್ಟು ಹಾಕಿ ಗೆದ್ದನಾದರೂ ಪಟ್ಟ ಅವನದಾಗಿ ಉಳಿಯಲಿಲ್ಲ. ಸಾಮಾನ್ಯವಾಗಿ ತೂಕ ತಪ್ಪಿದವನ ಹಾಜರಿ ಹಣದಿಂದ ಶೇ 20 ಅಥವಾ 30ರಷ್ಟು ಕಡಿತವಾಗುತ್ತದೆ; ಚಾಂಪಿಯನ್ ಆದವನು ಅದರ ಮೇಲೆ ಪಟ್ಟಕ್ಕೆ ಅಂಟಿಕೊಂಡ ಸವಲತ್ತುಗಳನ್ನೂ ಕಳೆದುಕೊಳ್ಳುತ್ತಾನೆ.

ಬೋನಸ್‌ಗಳು ಜಾತ್ರೆಯಲ್ಲಿ ಮೆಚ್ಚಿ ಕೊಟ್ಟ ನೋಟುಗಳಂತೆ. ಬಹುಕಾಲ ಪ್ರತಿ ರಾತ್ರಿಯ ಉತ್ತಮ ಪ್ರದರ್ಶನಕ್ಕೆ 50,000 ಡಾಲರ್ ಇತ್ತು. 2024ರ ಏಪ್ರಿಲ್‌ನ ಯುಎಫ್‌ಸಿ 300ಕ್ಕಾಗಿ ಅದನ್ನು 3 ಲಕ್ಷಕ್ಕೆ ಏರಿಸಿದ್ದರು. ಅಂದು ಲೈಟ್‌ವೇಟ್ ಪಂದ್ಯದಲ್ಲಿ ಮ್ಯಾಕ್ಸ್ ಹಾಲೊವೇ ಕೊನೆಯ ಸೆಕೆಂಡಿನಲ್ಲಿ ಗೇಚಿಯನ್ನು ನೆಲಕ್ಕೆ ಉರುಳಿಸಿ ಎರಡು ಬೋನಸ್ ಸೇರಿ 6 ಲಕ್ಷ ಡಾಲರ್ ಪಡೆದ. ಹಾಗೆಂದು ಬೋನಸ್ಸನ್ನು ವಾರ್ಷಿಕ ಆದಾಯದ ಲೆಕ್ಕಕ್ಕೆ ಮೊದಲೇ ಸೇರಿಸಿಕೊಳ್ಳುವುದು, ಮಳೆ ಬರುವ ಮುನ್ನವೇ ಫಸಲನ್ನು ಮಾರಿದಂತೆ.

ಸರಾಸರಿ ಬೇಡ, ನಡುವಿನದು ಬೇಕು

ಇಂತಹ ವರ್ಗದ ಸರಾಸರಿ ಆದಾಯವನ್ನು ಕೇಳಿದರೆ ಉತ್ತರ ದಾರಿ ತಪ್ಪಿಸುತ್ತದೆ. ಜಾತ್ರೆಯಲ್ಲಿ ಒಂಬತ್ತು ಮಂದಿಗೆ ನೂರು ರೂಪಾಯಿ, ಹತ್ತನೆಯವನಿಗೆ ಹತ್ತು ಸಾವಿರ ಸಿಕ್ಕರೆ ಸರಾಸರಿ 1,090 ರೂಪಾಯಿ ಬರುತ್ತದೆ. ಅಷ್ಟು ಪಡೆದವರು ಅಲ್ಲಿ ಒಬ್ಬರೂ ಇಲ್ಲ. ಎಲ್ಲರನ್ನೂ ಗಳಿಕೆಯ ಕ್ರಮದಲ್ಲಿ ನಿಲ್ಲಿಸಿ ನಡುವೆ ನಿಂತವನನ್ನು ಕೇಳಿದರೆ ಅವನು ನೂರು ಎನ್ನುತ್ತಾನೆ. ಇದೇ ಮಧ್ಯಾಂಕ.

ಇದಕ್ಕೆ ನಿಜವಾದ ಪುರಾವೆಯೂ ಇದೆ. ಯುಎಫ್‌ಸಿ ಮಾರುಕಟ್ಟೆಯ ಮೇಲಿನ ಹಿಡಿತದಿಂದ ತಮ್ಮ ಹಣವನ್ನು ತಗ್ಗಿಸಿತು ಎಂದು ಕುಂಗ್ ಲೆ ಮೊದಲಾದ ಫೈಟರ್‌ಗಳು 2014ರ ಡಿಸೆಂಬರ್‌ನಲ್ಲಿ ಹೂಡಿದ ದಾವೆ 37.5 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. 2025ರ ಫೆಬ್ರುವರಿಯಲ್ಲಿ ಅದಕ್ಕೆ ನ್ಯಾಯಾಲಯದ ಅಂತಿಮ ಒಪ್ಪಿಗೆ ದೊರೆಯಿತು. 2010ರ ಡಿಸೆಂಬರ್‌ನಿಂದ 2017ರ ಜೂನ್‌ವರೆಗೆ ಆಡಿದ, ಎಲ್ಲ ತೂಕಗಳ ಫೈಟರ್‌ಗಳಿಗೆ ಸೇರಿದ ಹಣವಿದು. ಫೈಟರ್‌ಗಳ ಪರ ವಕೀಲರ ಅಂದಾಜಿನಂತೆ ಒಬ್ಬರಿಗೆ ಸರಾಸರಿ ಸುಮಾರು 2.5 ಲಕ್ಷ ಡಾಲರ್, ಆದರೆ ಮಧ್ಯಾಂಕ 86,000. ಸರಾಸರಿಯು ಮಧ್ಯಾಂಕದ ಸುಮಾರು ಮೂರು ಪಟ್ಟು ಇದೆ ಎಂದರೆ, ಹಣ ಮೇಲಿನ ಕೆಲವೇ ಜನರ ಬಳಿ ರಾಶಿಯಾಗಿದೆ ಎಂದು ಅರ್ಥ. ಅದೇ ದಾವೆಯಲ್ಲಿ ಹೊರಬಂದ ದಾಖಲೆಗಳಂತೆ ಸಂಸ್ಥೆಯ ವರಮಾನದಲ್ಲಿ ಫೈಟರ್‌ಗಳ ಒಟ್ಟು ಪಾಲು ಶೇ 20ರ ಆಸುಪಾಸಿಗಿಂತ ಮೇಲೇರಿರಲಿಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಮತ್ತು ಅಮೆರಿಕನ್ ಫುಟ್‌ಬಾಲ್ ಲೀಗ್‌ಗಳಲ್ಲಿ ಆಟಗಾರರ ಸಂಘಗಳು ಚೌಕಾಸಿ ಮಾಡಿ ಸುಮಾರು ಅರ್ಧ ಪಾಲು ಪಡೆಯುತ್ತವೆ. ಯುಎಫ್‌ಸಿ ಫೈಟರ್‌ಗಳಿಗೆ ಅಂತಹ ಚೌಕಾಸಿಯ ಸಂಘ ಇಲ್ಲ. ಬಾಕ್ಸರ್‌ಗಳ ರಕ್ಷಣೆಗಾಗಿ ಅಮೆರಿಕ 2000ದಲ್ಲಿ ತಂದ ಮುಹಮ್ಮದ್ ಅಲಿ ಕಾಯ್ದೆಯೂ ಇವರಿಗೆ ಅನ್ವಯಿಸುವುದಿಲ್ಲ. ಹತ್ತು ವರ್ಷ ತಲೆಗೆ ಏಟು ತಿನ್ನುವವರಿಗೆ ಇಷ್ಟು ಕಡಿಮೆ ಪಾಲು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

2026ರಿಂದ ಲೆಕ್ಕದ ಕೆಲವು ಸಾಲುಗಳು ಬದಲಾಗಿವೆ. ಪ್ರಸಾರ ಕಂಪನಿ ಪ್ಯಾರಾಮೌಂಟ್ ಜೊತೆಗಿನ ಏಳು ವರ್ಷಗಳ, 770 ಕೋಟಿ ಡಾಲರಿನ ಒಪ್ಪಂದದಿಂದ ಅಮೆರಿಕದಲ್ಲಿ ಪಂದ್ಯಕ್ಕೊಮ್ಮೆ ಹಣ ಕೊಟ್ಟು ನೋಡುವ ಪದ್ಧತಿ ನಿಂತಿತು. ಹೀಗಾಗಿ ಚಾಂಪಿಯನ್ನರ ಒಪ್ಪಂದಗಳಲ್ಲಿದ್ದ ಮಾರಾಟದ ಪಾಲಿಗೆ ಹಳೆಯ ಆಧಾರ ಉಳಿದಿಲ್ಲ. ಪ್ರದರ್ಶನದ ಬೋನಸ್ 1 ಲಕ್ಷ ಡಾಲರಿಗೆ ಏರಿದೆ, ಮತ್ತು ಆ ಬೋನಸ್ ಸಿಗದಿದ್ದರೂ ತೀರ್ಪಿಗೆ ಬಿಡದೆ ಪಂದ್ಯ ಮುಗಿಸಿದವರಿಗೆ 25,000 ಡಾಲರ್ ಸಿಗುತ್ತದೆ. ನಮ್ಮ ಕಲ್ಪಿತ ಹೊಸಬ ತನ್ನ ಎರಡು ಗೆಲುವುಗಳಲ್ಲಿ ಒಂದನ್ನು ಹಾಗೆ ಮುಗಿಸಿದ್ದರೆ ಅವನ 72,000 ಡಾಲರ್ 97,000 ಆಗುತ್ತದೆ. ಮುಂದಿನ ಬಾರಿ ಗುಂಪು ಸೇರುವ ಮುನ್ನ ಆ ಮೊತ್ತದಿಂದ ಶುರುಮಾಡಿ, ತೆರಿಗೆಯ ಸಾಲಿನಿಂದ ಕೆಳಕ್ಕೆ ಇಡೀ ಪಟ್ಟಿಯನ್ನು ಮತ್ತೊಮ್ಮೆ ಬರೆದು ತನ್ನಿ.