ಎರಡನೇ ಸುತ್ತು

ನಾನು ಬೀಗ ರಿಪೇರಿಯವನು. ಹೋದ ವಾರ ಬೆಳಿಗ್ಗೆ ಏಳೂವರೆಗೆ ಫೋನು. ಹಾಲು ಒಲೆ ಮೇಲಿದೆ, ಯಜಮಾನರು ಕಸ ಕೊಡಲು ಹೊರಗೆ ಬಂದಿದ್ದಾರೆ, ಗಾಳಿಗೆ ಬಾಗಿಲು ಹಾಕಿಕೊಂಡಿದೆ. ಕೀ ಒಳಗೆ. ಹೋಗಿ ತೆಗೆದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಹಾಲು ಉಳಿಯಿತು, ಯಜಮಾನರ ಮುಖ ಮಾತ್ರ ಇಳಿಯಿತು. “ಏನ್ರೀ, ರಾತ್ರಿಯೆಲ್ಲ ಇದನ್ನೇ ನಂಬಿ ಮಲಗ್ತೀವಲ್ರೀ!”

ಅದನ್ನೇ ನಾನು ಇಪ್ಪತ್ತು ವರ್ಷದಿಂದ ಬಡಕೊಳ್ತಿರೋದು. ಟಕ್ ಅಂದರೆ ಬಾಗಿಲು ಮುಚ್ಚಿತು ಅಂತ. ಬೀಗ ಬಿತ್ತು ಅಂತಲ್ಲ.

ನಿಮ್ಮ ಬಾಗಿಲಿನ ಅಂಚು ನೋಡಿ. ಈಗಿನ ಫ್ಲ್ಯಾಟುಗಳ ಬೀಗದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ನಾಲಿಗೆ ಇರುತ್ತವೆ. ಒಂದರ ಮುಖ ಓರೆ, ಹಿಂದೆ ಸ್ಪ್ರಿಂಗು. ಅದು ಲ್ಯಾಚ್. ಬೆರಳಲ್ಲಿ ಒತ್ತಿ, ಒಳಗೆ ಹೋಗುತ್ತೆ. ನಿಮ್ಮ ಬೆರಳಿಗೆ ಸೋಲುವುದು ಇನ್ನೊಬ್ಬರ ಕೈಗೂ ಸೋಲುತ್ತೆ, ಅಲ್ವಾ? ಇನ್ನೊಂದು ಚೌಕದ ಗಟ್ಟಿ ತುಂಡು, ಡೆಡ್‌ಬೋಲ್ಟ್. ಇದಕ್ಕೆ ಸ್ಪ್ರಿಂಗಿನ ಸಹವಾಸ ಇಲ್ಲ. ಕೀ ತಿರುಗಿಸಿದರೆ ಬರುತ್ತೆ, ತಿರುಗಿಸಿದರೆ ಹೋಗುತ್ತೆ. ತಳ್ಳಿದರೆ ಜಪ್ಪಯ್ಯ ಅನ್ನಲ್ಲ. ಕೆಲವು ಲ್ಯಾಚುಗಳ ಪಕ್ಕ ಸಣ್ಣ ಪಿನ್ ಇರುತ್ತೆ. ಬಾಗಿಲು ಮುಚ್ಚಿದಾಗ ಅದು ಒತ್ತಿಕೊಂಡೇ ಇದ್ದರೆ ಲ್ಯಾಚ್ ಹಿಂದೆ ಸರಿಯದ ಹಾಗೆ ತಡೆಯುತ್ತೆ. ಹಾಗಾಗಿ ಎಲ್ಲ ಬೀಗಕ್ಕೂ ಒಂದೇ ಮಾತು ಅನ್ನಲಾರೆ. ಆದರೆ ಬಡಗಿ ಚೌಕಟ್ಟಿನ ತೂತು ದೊಡ್ಡದು ಮಾಡಿ ಪಿನ್ನೂ ಅದರೊಳಗೆ ಬಿದ್ದರೆ, ಅದು ಇದ್ದೂ ಇಲ್ಲದ ಹಾಗೆ.

ಕಾಲೇಜಿನಲ್ಲಿ ನಾನು ಎನ್‌ಸಿಸಿಯಲ್ಲಿದ್ದೆ. ರೈಫಲ್ಲಿನ ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಗಟ್ಟಿ ತುಂಡು, ಅದನ್ನು ಮುಂದೆ ತಳ್ಳಿ, ಹಿಡಿ ಕೆಳಗಿಳಿಸಲು ಮರೆತವರನ್ನು ಹವಾಲ್ದಾರರು ಮೈದಾನ ಸುತ್ತಿಸುತ್ತಿದ್ದರು. ಯಾಕೆ ಅಂತ ಬೀಗದ ಕೆಲಸಕ್ಕೆ ಬಂದ ಮೇಲೆ ಹೊಳೆಯಿತು. ಮುಂದೆ ತಳ್ಳಿದಾಗ ತೋಟಾ ನಳಿಗೆಯೊಳಗೆ ಹೋಗುತ್ತೆ, ಅಷ್ಟೇ. ಹಿಡಿ ಕೆಳಗೆ ತಿರುಗಿದಾಗಲೇ ಬೋಲ್ಟಿನ ಹಲ್ಲುಗಳು ಬಂದೂಕಿನ ಚೌಕಟ್ಟಿನ ಖಾಂಚಿನಲ್ಲಿ ಕೂರೋದು. ಗುಂಡನ್ನು ಮುಂದೆ ದೂಡುವ ಒತ್ತಡವೇ ಬೋಲ್ಟನ್ನು ಹಿಂದೆ, ನಿಮ್ಮ ಮುಖದ ಕಡೆ ದೂಡುತ್ತೆ. ತಡೆಯೋದು ಆ ಹಲ್ಲುಗಳು. 1898ರ ಮೌಸರ್ ರೈಫಲ್ಲಿನಲ್ಲಿ ಮುಂದೆ ಎರಡು ಹಲ್ಲು, ಅವು ಮುರಿದರೆ ಅಂತ ಹಿಂದೆ ಮೂರನೆಯದು. ನಮ್ಮ ಪೊಲೀಸರ ಹೆಗಲ ಮೇಲಿದ್ದ ಹಳೇ ತ್ರೀ ನಾಟ್ ತ್ರೀ ರೈಫಲ್ಲಿನಲ್ಲಿ ಹಲ್ಲು ಹಿಂಭಾಗದಲ್ಲೇ. ಅಂದ ಹಾಗೆ, ಜರ್ಮನಿಯ ಹಳೇ ರಾಜ್ಯ ಪ್ರಷ್ಯಾದ ಸೇನೆ 1841ರಲ್ಲಿ ಒಪ್ಪಿಕೊಂಡ ಬೋಲ್ಟ್ ಬಂದೂಕು ಮಾಡಿದ ಡ್ರೈಸ ಅನ್ನುವವನು ಬೀಗ ಮಾಡುವವನ ಮಗ, ತಾನೂ ಅದೇ ಕಸುಬು ಕಲಿತವನು. ನನಗಂತೂ ಆಶ್ಚರ್ಯ ಆಗಲಿಲ್ಲ. ಬಚ್ಚಲು ಬಾಗಿಲಿನ ಟವರ್ ಬೋಲ್ಟ್ ನೋಡಿ: ಸರಿಸಿ, ಗುಬುಟು ಮಡಚಿ. ಮಡಚದೆ ಬಿಟ್ಟರೆ ಅಲುಗಾಟಕ್ಕೆ ತಾನೇ ಜಾರುತ್ತೆ.

“ಕೀ ಒಂದು ಸುತ್ತು ತಿರುಗುತ್ತೆ, ಎರಡನೇದು ಆಗಲ್ಲ, ಅದಕ್ಕೇ ಬಿಟ್ಟಿದೀವಿ” ಅನ್ನುವವರೇ ಜಾಸ್ತಿ. ಒಂದೇ ಸುತ್ತಿಗೆ ಬೋಲ್ಟ್ ಅರ್ಧ ಬಂದಿರುತ್ತೆ, ಚೌಕಟ್ಟಿನ ತುದಿ ಹಿಡಕೊಂಡು ನೇತಾಡ್ತಿರುತ್ತೆ. ಬೀಗ ಬದಲಿಸಬೇಕಾದ್ದು ಅಪರೂಪ. ತೂತು ಆಳ ಇರಲ್ಲ, ಇಲ್ಲವೇ ಮಳೆಗಾಲಕ್ಕೆ ಮರ ಉಬ್ಬಿರುತ್ತೆ.

ಒಬ್ಬರು ಅಜ್ಜಿ ಮನೆಯಲ್ಲೂ ಇದೇ ಕತೆ. ಬೋಲ್ಟ್ ಎಲ್ಲಿ ತಾಗುತ್ತೆ ನೋಡಲು ಅದರ ತುದಿಗೆ ಬಣ್ಣ ಹಚ್ಚಬೇಕಿತ್ತು. ಚಾಕ್ ತಂದಿರಲಿಲ್ಲ, ಕುಂಕುಮ ಕೇಳಿದೆ. “ದೇವರ ಕುಂಕುಮ ಕಬ್ಬಿಣಕ್ಕಾ?” ಅಂದರು. “ಆಯುಧ ಪೂಜೆಗೆ ಹಚ್ಚಲ್ವಾ ಅಜ್ಜಿ” ಅಂದೆ. ಭರಣಿ ತಂದರು. ಕೀ ತಿರುಗಿಸಿ ಬಾಗಿಲು ತೆಗೆದರೆ, ಚೌಕಟ್ಟಿನ ತೂತಿಗೆ ಹೊಡೆದ ತಗಡಿನ ಕೆಳ ಅಂಚಿನಲ್ಲಿ ಕೆಂಪು ಗೀರು, ಅಕ್ಕಿ ಕಾಳಿನ ದಪ್ಪ. ಅಷ್ಟೇ ಅಡ್ಡ. ಅರ ಹಾಕಿ ಉಜ್ಜಿದೆ, ತೂತು ಸ್ವಲ್ಪ ಆಳ ಮಾಡಿದೆ. ಎರಡನೇ ಸುತ್ತು ಬೆಣ್ಣೆ ಹಾಗೆ ತಿರುಗಿತು. ಅಜ್ಜಿಯ ಕೈಯಲ್ಲೇ ಹತ್ತು ಸಲ ತಿರುಗಿಸಿದೆ.

ಕಾಫಿ ಕುಡಿದು ಹೊರಟೆ. ಹಿಂದೆ ಟಕ್ ಅಂತು. ಗೇಟಿನ ಹತ್ತಿರ ಸುಮ್ನೆ ನಿಂತು ಕಿವಿಗೊಟ್ಟೆ. ಕೀ ತಿರುಗುವ ಸದ್ದು ಬರಲೇ ಇಲ್ಲ.