ಚುಕ್ಕೆ ಇಲ್ಲದ ಪ್ರಶ್ನೆಗಳು

ಸಂಸತ್ತು, ಚಿಕ್ಕಮಗಳೂರು ಅಂದರೆ ಎಲ್ಲರ ಬಾಯಲ್ಲೂ 1978. ಇಂದಿರಾ ಗಾಂಧಿ ಇಲ್ಲಿನ ಉಪಚುನಾವಣೆ ಗೆದ್ದು ಹೋದರು, ಅದೇ ಡಿಸೆಂಬರ್‌ನಲ್ಲಿ ಲೋಕಸಭೆ ಅವರನ್ನು ಹೊರಗೂ ಹಾಕಿತು. ಅಷ್ಟು ಹೆಸರಾದ ಊರಿಗೆ ಕಡೂರಿನಿಂದ ರೈಲು ಬಂದಿದ್ದು ಮಾತ್ರ 2013ರಲ್ಲಿ!

ಇಂಥ ಹಳಿ, ಸೇತುವೆ, ಕಾಫಿ, ಆನೆ ವಿಷಯವೆಲ್ಲ ಸದನಕ್ಕೆ ಬರೋದು ಹೆಚ್ಚಾಗಿ ಹಿಂದಿನ ಸಾಲಿನಲ್ಲಿ ಕೂರುವ ಸಾಮಾನ್ಯ ಸಂಸದರ ಪ್ರಶ್ನೆಗಳ ಮೂಲಕ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ. ಅವಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಆ ಉತ್ತರದ ಮೇಲೆ ಕೇಳುವ ಉಪಪ್ರಶ್ನೆಯನ್ನೂ ಎದುರಿಸಬೇಕು. ಚುಕ್ಕೆ ಇಲ್ಲದವು 230, ಅವಕ್ಕೆ ಬರೀ ಲಿಖಿತ ಉತ್ತರ. ಯಾರದ್ದು ಪಟ್ಟಿಗೆ ಬರುತ್ತದೆ ಅನ್ನೋದು ಚೀಟಿ ಎತ್ತಿದ ಹಾಗೆ. ಟೀವಿಯಲ್ಲಿ ಕಾಣೋದು ಆ ಇಪ್ಪತ್ತರಲ್ಲಿ ಕೆಲವು ಮಾತ್ರ, ಒಂದು ಗಂಟೆಯಲ್ಲಿ ಎಲ್ಲಕ್ಕೂ ಸರದಿ ಬರಲ್ಲ.

ಕೇಳುವ ಅಭ್ಯಾಸ ನಮ್ಮ ಕಡೆಗೆ ಹೊಸದೇನಲ್ಲ. ಮೈಸೂರು ಸಂಸ್ಥಾನದ ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದಾಗ, ದಸರಾ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿದ್ದವರಲ್ಲಿ ಹಾಸನ, ಕಡೂರು ಸೀಮೆಯವರೂ ಇದ್ದರು (ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಅಂತಲೇ ಹೆಸರು). ಅಹವಾಲು ಹೇಳಬಹುದಿತ್ತು, ತೀರ್ಮಾನ ಅವರ ಕೈಲಿರಲಿಲ್ಲ. ಬ್ರಿಟಿಷ್ ಇಂಡಿಯಾದ ಶಾಸನಸಭೆಗಳಲ್ಲಿ ಪ್ರಶ್ನೆ ಕೇಳುವ ಹಕ್ಕು ಸಿಕ್ಕಿದ್ದು 1892ರಲ್ಲಿ, ಉಪಪ್ರಶ್ನೆಗೆ 1909ರವರೆಗೆ ಕಾಯಬೇಕಾಯಿತು.

ಹಾಸನದ ಕಥೆಯನ್ನೇ ನೋಡಿ. ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ಹೋಗುವ ಹಳಿಗೆ 1996-97ರಲ್ಲಿ ಮಂಜೂರಾತಿ ಸಿಕ್ಕಿತು, ಆಗ ಪ್ರಧಾನಿ ನಮ್ಮದೇ ಜಿಲ್ಲೆಯ ದೇವೇಗೌಡರು. ಪೂರ್ತಿ ದಾರಿಯಲ್ಲಿ ರೈಲು ಓಡಿದ್ದು 2017ರಲ್ಲಿ. ಮಂಜೂರಾತಿಗೆ ಪ್ರಧಾನಿ ಸಾಕು, ಆಮೇಲಿನ ಇಪ್ಪತ್ತು ವರ್ಷ ಕೇಳುತ್ತಲೇ ಇರೋಕೆ ಬೇರೆ ಥರದ ಜನ ಬೇಕು. ದುಡ್ಡು ಎಷ್ಟು ಬಂತು, ಜಮೀನು ಎಷ್ಟು ಬಾಕಿ ಅನ್ನೋದು ಒಮ್ಮೆ ಲಿಖಿತ ಉತ್ತರದಲ್ಲಿ ಬಂದರೆ ಸಾಕು, ಮುಂದಿನ ಅಧಿವೇಶನದಲ್ಲಿ ಅದನ್ನೇ ಹಿಡಿದು ಮತ್ತೆ ಕೇಳಬಹುದು. ಊರಿನ ಪತ್ರಕರ್ತನೂ ಹಿಡಿಯಬಹುದು.

ಇನ್ನೊಂದು ತಮಾಷೆ ಇದೆ. ಕಡೂರು ಇರೋದು ಚಿಕ್ಕಮಗಳೂರು ಜಿಲ್ಲೆಯಲ್ಲಿ, ಆದರೆ ಲೋಕಸಭೆಗೆ ಹಾಸನ ಕ್ಷೇತ್ರ. ಅಂದರೆ ಕಡೂರು–ಚಿಕ್ಕಮಗಳೂರು ಹಳಿ ಒಬ್ಬ ಸಂಸದರ ಕ್ಷೇತ್ರದಲ್ಲಿ ಶುರುವಾಗಿ ಇನ್ನೊಬ್ಬರ ಕ್ಷೇತ್ರದಲ್ಲಿ ಮುಗಿಯುತ್ತದೆ. ಜಮೀನು ಕೊಡಿಸೋದು ರಾಜ್ಯದ ಕೆಲಸ, ಹಳಿ ಹಾಕೋದು ಕೇಂದ್ರದ್ದು. ದೆಹಲಿಯಲ್ಲಿ ಕೇಳಿದರೆ ಬೆಂಗಳೂರು ತೋರಿಸುತ್ತಾರೆ, ಬೆಂಗಳೂರಲ್ಲಿ ಕೇಳಿದರೆ ದೆಹಲಿ. ಹಾಗಾಗಿ "ಯಾವಾಗ ಮುಗಿಯುತ್ತೆ" ಅಂತ ಸುಮ್ನೆ ಕೇಳಿದರೆ ಜಾರಿಕೊಳ್ಳೋದು ಸುಲಭ, ಅಲ್ವಾ? ಹೊಸದಾಗಿ ಬರಬೇಕಿರುವ ಬೇಲೂರಿನ ಹಳಿ ವಿಷಯದಲ್ಲಿ ಸಂಸದರೂ ಶಾಸಕರೂ ಒಂದೇ ಪ್ರಶ್ನೆಯನ್ನು ಎರಡೂ ಕಡೆ ಹಾಕಲಿ: ಯಾವ ಹೋಬಳಿಯಲ್ಲಿ ಎಷ್ಟು ಎಕರೆ ಬಾಕಿ, ಕಡತ ಈಗ ಯಾರ ಮೇಜಿನ ಮೇಲಿದೆ?