ಎಳೆ ಎಣಿಸುವ ಕಸೂತಿ: ಬಟ್ಟೆ ಬದಲಾದಾಗ ಏನಾಯಿತು

ಹುಬ್ಬಳ್ಳಿ–ಧಾರವಾಡದ ಕಡೆ ಮದುವೆಗೋ ಕುಬಸಕ್ಕೋ (ಸೀಮಂತಕ್ಕೋ) ಕಸೂತಿ ಸೀರೆ ಕೊಳ್ಳಹೋದರೆ, ಅದೇ ತೇರು, ಅದೇ ಗೋಪುರ ಇರುವ ಎರಡು ಸೀರೆಗಳ ಬೆಲೆಯಲ್ಲಿ ಅಜಗಜಾಂತರ ಕಾಣುತ್ತದೆ. ಒಂದು ಕೈಯದು, ಇನ್ನೊಂದು ಮಷೀನಿನದು ಎಂದರೆ ವಿಷಯ ಮುಗಿಯಲಿಲ್ಲ. ಕೈಕೆಲಸದಲ್ಲೂ ಎರಡು ಬಗೆ ಇವೆ: ಎಳೆ ಎಣಿಸಿ ಹಾಕಿದ್ದು, ಗೆರೆ ಎಳೆದುಕೊಂಡು ಹಾಕಿದ್ದು. ಈ ಎರಡನೆಯದು ಹುಟ್ಟಿಕೊಂಡಿದ್ದೇ ಬಟ್ಟೆ ಬದಲಾದ ಮೇಲೆ.

ಚಾಲುಕ್ಯರ ಕಾಲದ ಕಲೆ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಕೈಗೆ ಸಿಗುವ ಹಳೆಯ ಪತ್ತಲಗಳು ಅಷ್ಟು ಹಿಂದಿನವಲ್ಲ. ಇರುವುದನ್ನೇ ನೋಡಿ ಮಾತಾಡುವುದು ಮೇಲು. ಅವು ಬಹುತೇಕ ಕೈಮಗ್ಗದ ಇಳಕಲ್ ಸೀರೆಗಳು. ಇಳಕಲ್ ಸೀರೆಯ ಗುರುತಾದ ಟೋಪ ತೆನಿ ಎಂಬ ವಿನ್ಯಾಸದ ಸೆರಗಿನ ಹತ್ತಿರ ಗೋಪುರ, ಆನೆ ಅಂಬಾರಿ, ತುಳಸಿ ವೃಂದಾವನದಂಥ ದೊಡ್ಡ ಚಿತ್ರಗಳು. ಸೆರಗಿನಿಂದ ದೂರ ಸರಿದಂತೆ ಚಿತ್ರಗಳು ಕಿರಿದಾಗುತ್ತ ಬರೀ ಹೂ, ನಕ್ಷತ್ರ ಉಳಿಯುತ್ತವೆ. ಮದುಮಗಳ ಸೀರೆಗಳಲ್ಲಿ ಕಪ್ಪು ರೇಷ್ಮೆಯ ಚಂದ್ರಕಾಳಿಗೆ ವಿಶೇಷ ಸ್ಥಾನವಿತ್ತು. ಮಕ್ಕಳ ತಲೆಗೆ ಹಾಕುವ ಕುಲಾಯಿ, ಕುಂಚಿಗೆಗಳ ಮೇಲೂ ಇದೇ ಕೆಲಸ. ಕಪ್ಪಿನ ಮೇಲೆ ಎಳೆ ಎಣಿಸುವುದು ಕಣ್ಣಿಗೆ ಶಿಕ್ಷೆ. ಹಗಲು ಬೆಳಕಲ್ಲಿ ಕೂತು, ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡರೆ ಎಳೆಗಳ ಸಂದು ಕಾಣುತ್ತದೆ.

ಹೊಲಿಗೆ ನಾಲ್ಕು. ಗೆರೆಯಾಗಿ ಸಾಗುವ ಗಾವಂತಿ ಮತ್ತು ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುವ ಮುರ್ಗಿ ಎರಡೂ ಬದಿ ಒಂದೇ ಥರ ಕಾಣುತ್ತವೆ. ನೇಯ್ಗೆಯಂತೆ ಕಾಣುವ ನೇಗಿಯಲ್ಲಿ ಹಿಂಬದಿ ಬೇರೆ. ಮೆಂತಿ ಎಂದರೆ ಅಡ್ಡಗತ್ತರಿ ಹೊಲಿಗೆ. ಜಾಗ ತುಂಬಲು ಬಳಸುತ್ತಾರೆ, ದಾರ ಹೆಚ್ಚು ತಿನ್ನುತ್ತದೆ.

ಕಸೂತಿಯ ಜೀವ ಗಾವಂತಿಯಲ್ಲಿದೆ. ಹೋಗುವಾಗ ನಾಲ್ಕೆಳೆ ಮೇಲೆ, ನಾಲ್ಕೆಳೆ ಕೆಳಗೆ. ಬರುವಾಗ ಅದೇ ತೂತುಗಳಲ್ಲಿ ಸೂಜಿ ಹಾಕಿ ಬಿಟ್ಟುಹೋದ ಸಂದು ತುಂಬಬೇಕು. ಬರುವಾಗ ಸೂಜಿ ಮೊದಲಿನ ದಾರದ ಒಂದು ಮಗ್ಗುಲಲ್ಲಿ ಎದ್ದರೆ ಇನ್ನೊಂದು ಮಗ್ಗುಲಲ್ಲೇ ಇಳಿಯಬೇಕು, ಪ್ರತಿ ಸಲವೂ. ಇದು ತಪ್ಪಿದರೆ ಗೆರೆ ಡೊಂಕಾಗುತ್ತದೆ. ಗಂಟು ಹಾಕುವಂತಿಲ್ಲ: ತುದಿಯಲ್ಲಿ ನಾಲ್ಕೈದು ಸೆಂಟಿಮೀಟರ್ ದಾರ ಬಿಟ್ಟು, ಆಮೇಲೆ ಅದನ್ನು ಹೊಲಿಗೆಯೊಳಗೇ ಸೇರಿಸುತ್ತಾರೆ. ಸುಮಾರು 45 ಸೆಂಟಿಮೀಟರ್‌ಗಿಂತ ಉದ್ದದ ದಾರ ತೆಗೆದುಕೊಂಡರೆ ಉಜ್ಜಿ ಉಜ್ಜಿ ನಾರೇಳುತ್ತದೆ. ಗೋಪುರದಂಥ ಚಿತ್ರಕ್ಕೆ ಯಾವ ಕವಲಿಗೆ ಯಾವಾಗ ಹೋಗಿ ಹೇಗೆ ಮರಳಬೇಕೆಂಬ ದಾರಿ ಮೊದಲೇ ತಲೆಯಲ್ಲಿರಬೇಕು. ಎಲ್ಲೋ ಒಂದೆಳೆ ತಪ್ಪಿದರೆ ಆಗ ಗೊತ್ತಾಗುವುದಿಲ್ಲ. ಮೇಲಿನ ಕಳಸದ ಎರಡು ಗೆರೆ ಕೂಡದಿದ್ದಾಗ ಗೊತ್ತಾಗುತ್ತದೆ. ಆಗ ಬಿಚ್ಚುವುದೊಂದೇ ದಾರಿ.

ಈ ಲೆಕ್ಕ ನಡೆಯಲು ಹಾಸು ಹೊಕ್ಕು (ಬಟ್ಟೆಯ ಉದ್ದೆಳೆ, ಅಡ್ಡೆಳೆ) ಎರಡೂ ಕಣ್ಣಿಗೆ ಕಾಣಬೇಕು, ಸಂಖ್ಯೆಯಲ್ಲೂ ಹತ್ತಿರ ಹತ್ತಿರ ಇರಬೇಕು. ಒಂದು ಕಡೆ ಎಳೆ ದಟ್ಟವಾದರೆ ಚೌಕ ಹೋಗಿ ಆಯತವಾಗುತ್ತದೆ, ಆನೆ ಕುಳ್ಳಗಾಗುತ್ತದೆ. ಜಾರ್ಜೆಟ್, ಕ್ರೇಪ್, ನಯವಾದ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಸೀರೆಗಳು ಬಂದಮೇಲೆ ಎಣಿಸಲು ಎಳೆಯೇ ಕಾಣದಾಯಿತು. ಕಸೂತಿಗೆ ಗಿರಾಕಿ ಮಾತ್ರ ಇದ್ದರು.

ಒಂದು ಉಪಾಯ ಮಟ್ಟಿ ಬಟ್ಟೆ, ಅಂದರೆ ಎಳೆ ಸುಲಭವಾಗಿ ಎಣಿಸಲು ಬರುವ ಬಿಡಿ ನೇಯ್ಗೆಯ ಬಟ್ಟೆ. ಸೀರೆಯ ಮೇಲೆ ಅದರ ತುಂಡನ್ನು ಕಚ್ಚಾ ಹೊಲಿಗೆಯಲ್ಲಿ ಕೂರಿಸಿ, ಅದರ ಎಳೆ ಎಣಿಸಿ ಎರಡೂ ಬಟ್ಟೆ ಸೇರಿಸಿ ಹೊಲಿದು, ಕೊನೆಗೆ ಮಟ್ಟಿಯ ಎಳೆಗಳನ್ನು ಒಂದೊಂದಾಗಿ ಎಳೆದುಹಾಕುವುದು. ಎಣಿಕೆ ಉಳಿಯುತ್ತದೆ, ಎರಡೂ ಬದಿ ಚೆನ್ನಾಗಿರುತ್ತದೆ. ಸೂಜಿ ಮಟ್ಟಿಯ ಎಳೆಯನ್ನೇ ಸೀಳಿಕೊಂಡು ಹೋಗಿದ್ದರೆ ಮಾತ್ರ ಆ ಎಳೆ ಈಚೆ ಬರುವುದಿಲ್ಲ. ಜಗ್ಗಿದರೆ ಹೊಲಿಗೆಯೇ ಸುಕ್ಕಾಗುತ್ತದೆ. ದಾರವನ್ನು ತೀರಾ ಬಿಗಿ ಹಿಡಿದರೆ ಮಟ್ಟಿಯ ಮೇಲೆ ಚೆಂದ ಕಂಡದ್ದು, ಅದನ್ನು ತೆಗೆದಮೇಲೆ ಸೀರೆಯನ್ನು ನೆರಿಗೆಗಟ್ಟಿಸುತ್ತದೆ.

ಇನ್ನೊಂದು, ಕಾರ್ಬನ್ ಹಾಕಿ ಗೆರೆ ಅಚ್ಚು ಮಾಡಿಕೊಳ್ಳುವುದು. ಬೇಗ ಆಗುತ್ತದೆ, ಹೊಲಿಗೆಗಳ ಉದ್ದ ಮಾತ್ರ ಏರುಪೇರು. ಬಣ್ಣ ಪೂರ್ತಿ ತೊಲಗುವ ಮುನ್ನ ಇಸ್ತ್ರಿ ಹಾಕಿದರೆ ಗುರುತು ಅಲ್ಲೇ ಕೂತುಬಿಡುತ್ತದೆ. ಇದನ್ನೂ ಕಸೂತಿಯೆಂದೇ ಮಾರುತ್ತಾರೆ. ಕೈಕೆಲಸ ಹೌದು, ಎಣಿಕೆ ಕೆಲಸವಲ್ಲ. ಬೆಲೆಯಲ್ಲಿ ಆ ವ್ಯತ್ಯಾಸ ಇರಬೇಕು.

ಮಷೀನಿನದನ್ನು ಹಿಡಿಯುವುದು ಸುಲಭ. ಅದಕ್ಕೆ ಮೇಲೊಂದು, ಕೆಳಗೊಂದು ದಾರ ಬೇಕು. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಆ ಕೆಳಗಿನ ಬಾಬಿನ್ ದಾರ, ಎಷ್ಟೋ ಸಲ ಬಿಳಿಯದು, ಜೊತೆಗೆ ಅಂಟಿಸಿದ ಕಾಗದದಂಥ ಪದರದ ಚೂರು ಕಾಣುತ್ತವೆ. ಗಾವಂತಿಯ ಹಿಂಬದಿಯಲ್ಲಿ ಇವ್ಯಾವುವೂ ಇರುವುದಿಲ್ಲ.

ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಕಸೂತಿಗೆ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ತಂದುಕೊಟ್ಟಿತು. 1999ರ ಕಾಯ್ದೆಯ ಈ ರಕ್ಷಣೆ ಸಿಗುವುದು ಕಸೂತಿ ಎಂಬ ಹೆಸರಿಗೆ. ಅದರಿಂದ ಎಣಿಸುವ ಕೈಗೆ ಕೂಲಿ ತಾನಾಗಿ ಏರುವುದಿಲ್ಲ. ಕೂಲಿ ಹೆಚ್ಚಾಗಿ ಇಡೀ ಕೆಲಸಕ್ಕೆ ಇಷ್ಟು ಎಂದು ಗೊತ್ತುಮಾಡಿದ್ದು. ಒಂದೆಳೆ ತಪ್ಪಿ ಬಿಚ್ಚಿ ಮತ್ತೆ ಹಾಕಿದ ಹೊತ್ತಿನ ನಷ್ಟ ಹೊಲಿಯುವ ಹೆಂಗಸಿಗೇ. ಗೆರೆ ಎಳೆದುಕೊಂಡು ಹೊಲಿಯುವವರು ಯಾಕೆ ಹೆಚ್ಚಾದರು ಎಂಬುದಕ್ಕೆ ಬಟ್ಟೆಯಷ್ಟೇ ಈ ಲೆಕ್ಕವೂ ಕಾರಣ.